ಕೊನೆಯ ಕಂತು ಯಾಕೆ ಬೇರೆ?

ಗೋಣಿಕೊಪ್ಪದಲ್ಲಿ ಪಕ್ಕದ ಕಾಫಿ ತೋಟದ ಅಕ್ಕ ಸ್ಪ್ರಿಂಕ್ಲರ್ ಪಂಪ್‌ಗೆ ಸಾಲ ಮಾಡಿದ್ದಾರೆ. ಕಾಫಿ ಹೂ ಅರಳೋಕೆ ಬೇಕಾದ ಹೂಮಳೆ ನಂಬಿಕೊಂಡು ಕೂರೋಕಾಗಲ್ಲ ಅಲ್ವಾ. "ಎಲ್ಲಾ ಕಂತೂ 10,380, ಕೊನೆಯದು ಮಾತ್ರ 10,318. ಏನೋ ತಪ್ಪಾಗಿದೆ ನೋಡು" ಅಂದರು.

ತಪ್ಪಿಲ್ಲ ಅಕ್ಕ. 5 ಲಕ್ಷ, ವರ್ಷಕ್ಕೆ 9% ಬಡ್ಡಿ, 60 ತಿಂಗಳು. ಲೆಕ್ಕ ಹಾಕಿದರೆ ಕಂತು 10,379 ರೂಪಾಯಿ 17 ಪೈಸೆ, ಅದರಾಚೆಗೂ ಮುಗಿಯದ ದಶಾಂಶ. ಅದನ್ನು ಹಾಗೇ ಕಟ್ಟೋಕಾಗಲ್ಲ, ಅದಕ್ಕೆ ಮೇಲಿನ ರೂಪಾಯಿಗೆ ಏರಿಸಿದ್ದಾರೆ. ತಿಂಗಳಿಗೆ 82 ಪೈಸೆ ಜಾಸ್ತಿ. ಸುಮ್ನೆ ಕೂಡಿದರೆ 49 ರೂಪಾಯಿ. ಆದರೆ ಅಸಲು ಸ್ವಲ್ಪ ಬೇಗ ಇಳಿದು ಬಡ್ಡಿಯೂ ಉಳಿಯುತ್ತದೆ, ಹಾಗಾಗಿ ಕೊನೆಗೆ 62 ರೂಪಾಯಿ ಕಡಿಮೆಯಾಗುತ್ತದೆ. 10,379ಕ್ಕೆ ಇಳಿಸಿದ್ದರೆ ಕೊನೆಯ ಕಂತಿಗೆ ಸುಮಾರು 13 ರೂಪಾಯಿ ಸೇರುತ್ತಿತ್ತು.

ಕೊನೆಯ ಕಂತಿನ ಈ ವ್ಯತ್ಯಾಸವನ್ನು ಕ್ಯಾಲ್ಕುಲೇಟರ್ ತಾನಾಗಿ ಹೇಳಲ್ಲ. 1981ರಲ್ಲಿ ಬಂದ ಹಣಕಾಸು ಕ್ಯಾಲ್ಕುಲೇಟರ್ ಎಚ್‌ಪಿ 12ಸಿ ಪರದೆಯಲ್ಲಿ ಎರಡು ದಶಾಂಶ ತೋರಿಸಿದರೂ ಒಳಗೆ 10 ಅಂಕಿ ಇಟ್ಟುಕೊಂಡೇ ಲೆಕ್ಕ ಮುಂದುವರಿಸುತ್ತದೆ. ಎಕ್ಸೆಲ್‌ನಲ್ಲಿ ಕಂತು ಲೆಕ್ಕ ಹಾಕುವ ಪಿಎಂಟಿ ಸೂತ್ರ ಕೂಡ ತಾನಾಗಿ ರೌಂಡ್ ಮಾಡಲ್ಲ. ನಿಜವಾಗಿ ಕಟ್ಟುವ ಮೊತ್ತದಿಂದ ಪಟ್ಟಿ ಬೇಕಾದರೆ ಮೊದಲು ನಾವೇ ರೌಂಡ್ ಮಾಡಿ, ಆಮೇಲೆ ಪ್ರತಿ ತಿಂಗಳ ಕಂತಿನಲ್ಲಿ ಬಡ್ಡಿ ಕಳೆದು ಉಳಿದದ್ದನ್ನು ಅಸಲಿನಿಂದ ಇಳಿಸುತ್ತಾ ಹೋಗಬೇಕು.

62 ರೂಪಾಯಿ ದೊಡ್ಡದಲ್ಲ. ಆದರೂ ಅಕ್ಕ ಪಟ್ಟಿಯ ಕೊನೆಯ ಸಾಲಿನವರೆಗೆ ಓದಿ ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಸಾಲ ಮಾಡುವವರು ಸಹಿಗೆ ಮೊದಲೇ ಪೂರ್ತಿ ಕಂತಿನ ಪಟ್ಟಿ ಕೇಳಿ ತಗೊಳ್ಳಿ.