ಗ್ಲೀಕ್: 22ರ ಗಂಟು ಬಿಚ್ಚಿತು

ಕೊನೆಗೂ ಲೆಕ್ಕ ತಾಳೆಯಾಯಿತು! ಮೂವರು ಆಡುವ ಹಳೆಯ ಇಂಗ್ಲಿಷ್ ಇಸ್ಪೀಟಾಟ ಗ್ಲೀಕ್‌ನಲ್ಲಿ ಅಂಕಗಳು ಎಲ್ಲಿಂದ ಜಾಸ್ತಿ ಬರುತ್ತಿವೆ ಅಂತ ನಾವು ಮೂವರೂ ತಲೆ ಕೆಡಿಸಿಕೊಂಡಿದ್ದೆವು, ಅದು ಸಿಕ್ಕಿತು.

ಎಲ್ಲ ಎರಡರ, ಮೂರರ ಎಲೆಗಳನ್ನು ತೆಗೆದಿಟ್ಟು ಕಟ್ಟನ್ನು 44 ಎಲೆ ಮಾಡುವುದು, ತಲಾ 12 ಹಂಚುವುದು, ಉಳಿದ ಎಂಟರಲ್ಲಿ ಮೇಲಿನದನ್ನು ತಿರುಗಿಸಿ ತುರುಫು ಗೊತ್ತು ಮಾಡುವುದು, ಮಿಕ್ಕ ಏಳಕ್ಕೆ ಸವಾಲು ಕೂಗುವುದು ಇದರಲ್ಲೇನೂ ಗೊಂದಲವಿರಲಿಲ್ಲ. ಮಾರ್ನಿವಲ್ ಕೂಡ ತೊಂದರೆ ಕೊಡಲಿಲ್ಲ. ನಾಲ್ಕು ಎಕ್ಕ ಕೂಡಿದರೆ ಮಾರ್ನಿವಲ್, ಉಳಿದಿಬ್ಬರಿಂದಲೂ ಎಂಟೆಂಟು. ಮೂರೇ ಇದ್ದರೆ ಗ್ಲೀಕ್, ನಾಲ್ಕು ನಾಲ್ಕು. ಮೂರು ಗುಲಾಮರಿಗೆ ಮಾತ್ರ ಒಂದೊಂದೇ, ಪಾಪ.

ಗೋಳು ಹೊಯ್ದುಕೊಂಡಿದ್ದು ತುರುಫಿನ ಅಡ್ಡಹೆಸರುಗಳು. ಎಕ್ಕ ಟಿಬ್, ಗುಲಾಮ ಟಾಮ್, ನಾಲ್ಕು ಟಿಡ್ಡಿ, ಐದು ಟೌಸರ್, ಆರು ಟಂಬ್ಲರ್. ಸಂಜೆ ಹೊತ್ತು ಬೀದಿಯಲ್ಲಿ ಆಡುವ ಮಕ್ಕಳನ್ನು ಕೂಗಿ ಕರೆದ ಹಾಗಿದೆ, ಅಲ್ವಾ? ಇಂಗ್ಲಿಷಿನವರೇ ಮರೆತುಬಿಟ್ಟ ಈ ಹೆಸರುಗಳನ್ನು ಎಲೆ ಎಸೆಯುತ್ತಾ ಜೋರಾಗಿ ಹೇಳುವುದರಲ್ಲೇ ಅರ್ಧ ಖುಷಿ.

ಆದರೆ ಅಂಕ? ಆಟ ಮುಗಿದಾಗ ಒಬ್ಬೊಬ್ಬರೂ 22ಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ನೋಡಿ ಕೊಟ್ಟು ತಗೊಳ್ಳಬೇಕು. ಅಂದರೆ ಮೂವರದೂ ಸೇರಿ 66 ಆಗಲೇಬೇಕು. ನಮ್ಮದು ಒಮ್ಮೆ 70, ಒಮ್ಮೆ 75, ಇದ್ದಕ್ಕಿದ್ದಂತೆ ಒಮ್ಮೆ ಸರಿಯಾಗಿ 66! ಆ ಸರಿಯಾದ ಆಟವೇ ಜಾಸ್ತಿ ಕಾಡಿತು.

ದಾರಿ ತೋರಿಸಿದ್ದು ಇಂಗ್ಲಿಷ್ ಬರಹಗಾರ ಚಾರ್ಲ್ಸ್ ಕಾಟನ್. 1674ರ ಅವನ ಪುಸ್ತಕದಲ್ಲಿ ಟಿಬ್ ಕೈಯಲ್ಲಿದ್ದರೆ 15, ಆಡಿದಾಗ 18 ಅಂತಿದೆ. ಯಾಕೆಂದರೆ ಅದು ಒಂದು ಸುತ್ತು ಗೆದ್ದುಕೊಡುತ್ತದೆ. ಅಲ್ಲಿಗೆ ಸುತ್ತಿಗೆ ಮೂರು ಅಂಕ. 12 ಸುತ್ತಿಗೆ 36. ಟಿಬ್ 15, ಟಾಮ್ 9, ರಾಜ 3, ರಾಣಿ 3, ಒಟ್ಟು 30. ಕೂಡಿದರೆ 66. ನಾವು ಕೂಡಿಸುತ್ತಿದ್ದ ಟಿಡ್ಡಿ, ಟೌಸರ್, ಟಂಬ್ಲರ್‌ಗೆ ಇದರಲ್ಲಿ ಜಾಗವೇ ಇಲ್ಲ! ಅವುಗಳ ಬಾಬ್ತನ್ನು ಆಗಿಂದಾಗಲೇ ಬೇರೆಯಾಗಿ ತೀರಿಸಬೇಕು ಅನ್ನುವುದು ನನ್ನ ತೀರ್ಮಾನ. ಲೆಕ್ಕ ಸರಿಹೋದ ಆಟದಲ್ಲಿ ಆ ಮೂರೂ ಬಿಸಾಡಿದ ಎಲೆಗಳಲ್ಲಿ ಬಿದ್ದಿದ್ದವು, ಅಷ್ಟೇ.

ಎಲೆಗಳ ಕಥೆ ಬೇರೆ. ಆ ಕಾಲದ ಎಲೆಗಳ ಮೂಲೆಯಲ್ಲಿ ಅಂಕಿ ಇರುತ್ತಿರಲಿಲ್ಲ, ಬೆನ್ನು ಬಿಳಿ. ಹಾಗೇ ಬೇಕು ಅಂತ ಬರೆದುಕೊಟ್ಟಿದ್ದೆ. ಪ್ರಿಂಟಿಂಗ್‌ನವರು ಮೂಲೆಗೆ ಅಂಕಿ ಹಾಕಿ, ಬೆನ್ನಿಗೆ ನವಿಲು ಬರೆದು ಕಳಿಸಿದ್ದಾರೆ. ‘ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ ಸಾರ್’ ಅಂತ ಸಮಾಧಾನ ಬೇರೆ. ಇನ್ನೊಂದು ಸಲ ಮಾಡಿಸಬೇಕು.

ಅಷ್ಟರಲ್ಲಿ ಮನಸ್ಸು ಓಂಬರ್ ಕಡೆ ಓಡಿದೆ. ಅದೂ ಮೂವರದೇ, 40 ಎಲೆ. ಇಸ್ಪೀಟಿನ ಎಕ್ಕ ಸ್ಪಾಡಿಲ್, ಕಳಾವರ್ ಎಕ್ಕ ಬಾಸ್ಟೊ, ತುರುಫು ಯಾವುದೇ ಇರಲಿ. ಬಲದಲ್ಲಿ ಇವೆರಡರ ನಡುವೆ ಕೂರುವ ಮಾನಿಲ್ ಮಾತ್ರ ಕಪ್ಪು ತುರುಫಾದರೆ ಅದರ ಎರಡು, ಕೆಂಪಾದರೆ ಅದರ ಏಳು. ಅದಕ್ಕೂ ಬಿಳಿ ಬೆನ್ನಿನ ಎಲೆಗಳೇ ಬೇಕು. ಎರಡೂ ಆಟಕ್ಕೆ ಒಂದೇ ಆರ್ಡರ್ ಕೊಡುತ್ತೇನೆ, ಈ ಸಲ ಕಟ್ಟಿನ ಮೇಲೆ ‘ನವಿಲು ಬೇಡ’ ಅಂತ ದಪ್ಪ ಅಕ್ಷರದಲ್ಲಿ ಬರೆದು.