ಕರಿ ಸ್ಮೋಕ್ ಪರ್ಷಿಯನ್: ತುದಿಯ ಕಪ್ಪು, ಬುಡದ ಬಿಳುಪು, ನಮ್ಮ ಮಳೆಗಾಲ

ಕರಿ ಸ್ಮೋಕ್ ಪರ್ಷಿಯನ್ ಮಲಗಿದ್ದರೆ ನೋಡುವವರಿಗೆ ಅಪ್ಪಟ ಕರಿ ಬೆಕ್ಕು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಕೂದಲು ಅಲ್ಲಲ್ಲಿ ಬಿಚ್ಚಿಕೊಂಡು ಅಡಿಯ ಬಿಳುಪು ಕಾಣುತ್ತದೆ. ಒಂದೊಂದು ಕೂದಲಿನ ಬುಡ ಬೆಳ್ಳಗೆ, ಮೇಲಿನ ಅರ್ಧ ಅಥವಾ ಅದಕ್ಕೂ ಹೆಚ್ಚು ಭಾಗ ಕಪ್ಪು. ಮುಖ ಮತ್ತು ಕಾಲುಗಳಲ್ಲಿ ಈ ಬಿಳುಪು ಚರ್ಮಕ್ಕೆ ತಾಗಿದ ಸಣ್ಣ ಪಟ್ಟಿಯಷ್ಟೇ. ಕುತ್ತಿಗೆ ಸುತ್ತಲಿನ ಜೂಲು, ಕಿವಿಯೊಳಗಿನ ಕೂದಲು ತಿಳಿ ಬೆಳ್ಳಿ ಬಣ್ಣ. ಮೂಗು, ಅಂಗಾಲು ಕಪ್ಪು, ಕಣ್ಣು ಹೊಳೆಯುವ ತಾಮ್ರದ ಬಣ್ಣ. ಬೆಕ್ಕಿನ ತಳಿಗಳನ್ನು ನೋಂದಾಯಿಸುವ ಅಮೆರಿಕದ ಸಿಎಫ್‌ಎ ಸಂಸ್ಥೆಯ ಮಾನದಂಡವೂ ಇದನ್ನೇ ಕೇಳುತ್ತದೆ.

ಚಿಂಚಿಲ್ಲಾ ಅನ್ನುವ ಪರ್ಷಿಯನ್ ಬಣ್ಣ ಬೇರೆ. ಅದರಲ್ಲಿ ಕೂದಲಿನ ತೀರಾ ತುದಿಗಷ್ಟೇ ಕಪ್ಪು ತಾಗಿರುತ್ತದೆ, ಮೈಯೆಲ್ಲ ಬಿಳಿ ಅನ್ನಿಸುತ್ತದೆ, ಕಣ್ಣು ಹಸಿರು. ಎರಡರಲ್ಲೂ ಬುಡದ ಬಣ್ಣ ತಡೆಯುವ ಜೀನ್ ಒಂದೇ, ಇನ್‌ಹಿಬಿಟರ್ ಅನ್ನುವುದು. ಆದರೆ ಚಿಂಚಿಲ್ಲಾ ಮೂಲದಲ್ಲಿ ಪಟ್ಟೆ ಬೆಕ್ಕು, ಸ್ಮೋಕ್ ಮೂಲದಲ್ಲಿ ಪಟ್ಟೆಯಿಲ್ಲದ ಕರಿ ಬೆಕ್ಕು. ಮಾರುವವರು ಎರಡನ್ನೂ ‘ಸಿಲ್ವರ್’ ಅಂತ ಒಂದೇ ಹೆಸರಲ್ಲಿ ಕರೆದರೆ ಅಲ್ಲೇ ಎಚ್ಚರಾಗಬೇಕು.

ಆರೈಕೆಯ ವಿಷಯ ಪೂರ್ತಿ ಒಂದೇ ಮಾತಿನ ಮೇಲೆ ನಿಂತಿದೆ: ಈ ಬೆಕ್ಕಿನ ಬಣ್ಣ ಇರುವುದು ತುದಿಯಲ್ಲಿ. ಕೂದಲು ಬುಡದಿಂದ ಬೆಳೆಯುವುದರಿಂದ ತುದಿಯೇ ಅತಿ ಹಳೆಯ ಭಾಗ. ಬಿಸಿಲು, ಜೊಲ್ಲು, ತಿಕ್ಕಾಟ ಎಲ್ಲ ಮೊದಲು ತಾಗುವುದೂ ಅದಕ್ಕೇ. ಸಾದಾ ಕರಿ ಬೆಕ್ಕಿನ ಕೂದಲು ತುಂಡಾದರೆ ಕೆಳಗೂ ಕಪ್ಪೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಸ್ಮೋಕ್‌ನಲ್ಲಿ ತುಂಡಾದ ಜಾಗ ಬೂದು ಬಿಳಿ ಮಚ್ಚೆಯಾಗಿ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಸೆಕೆ ಅಂತ ಮೆಷಿನ್ ಹಾಕಿಸಿ ಬೋಳಿಸಿದರೆ ಕರಿ ಬೆಕ್ಕು ಬಿಳಿ ಬೆಕ್ಕಾಗಿ ಮನೆಗೆ ಬರುತ್ತದೆ, ಹೊಸ ಕೂದಲು ಪೂರ್ತಿ ಬರುವ ತನಕ ತಿಂಗಳುಗಟ್ಟಲೆ ಹಾಗೇ. ಜಡೆಗಟ್ಟಿ ಚರ್ಮ ಎಳೆಯುತ್ತಿದ್ದರೆ ಬೋಳಿಸಲೇಬೇಕು, ಅದು ಬೇರೆ ಮಾತು. ಸೆಕೆಗಾದರೆ ಫ್ಯಾನು, ತಣ್ಣನೆ ನೆಲ, ನೀರು ಸಾಕು.

ಮರಿ ಆರಿಸುವಾಗ ಬಣ್ಣ ಗುರುತಿಸುವುದು ಸುಲಭವಲ್ಲ. ಸ್ಮೋಕ್ ಮರಿ ಹುಟ್ಟುವಾಗ ಹೆಚ್ಚುಕಡಿಮೆ ಕರಿಯೇ. ಕಣ್ಣಿನ ಸುತ್ತ ಬಿಳಿ ಗೆರೆ, ಹೊಟ್ಟೆ ಸ್ವಲ್ಪ ತಿಳಿ, ಅಷ್ಟೇ ಸುಳಿವು. ಕೆಲವು ವಾರ ಕಳೆದ ಮೇಲೆ ಬುಡದ ಬಿಳುಪು ಕಾಣತೊಡಗುತ್ತದೆ, ಪೂರ್ತಿ ಬಣ್ಣ ಕೂಡಲು ಎರಡು ವರ್ಷವೂ ಹಿಡಿಯಬಹುದು. ತೊಂದರೆ ಏನೆಂದರೆ, ಸಾದಾ ಕರಿ ಮರಿಗೂ ಚಿಕ್ಕಂದಿನಲ್ಲಿ ಒಳರೋಮ ಬೂದಾಗಿರುತ್ತದೆ, ಆಮೇಲೆ ಅದು ಕಪ್ಪಾಗುತ್ತದೆ. ಹಾಗಾಗಿ ಕಿಟಕಿ ಬೆಳಕಿಗೆ ಮರಿಯನ್ನು ಹಿಡಿದು, ಬೆನ್ನು ಮತ್ತು ಪಕ್ಕೆಯ ಕೂದಲನ್ನು ಎರಡು ಹೆಬ್ಬೆರಳಿಂದ ಬಿಡಿಸಿ ಚರ್ಮದ ತನಕ ನೋಡಿ. ಸ್ಮೋಕ್ ಆದರೆ ಬುಡ ಸ್ವಚ್ಛ ಬಿಳಿ. ಮಬ್ಬು ಬೂದು ಇದ್ದರೆ ಅನುಮಾನಪಡಿ. ಇದಕ್ಕಿಂತ ಗಟ್ಟಿ ಪರೀಕ್ಷೆ ತಂದೆ ತಾಯಿ ನೋಡುವುದು. ಇನ್‌ಹಿಬಿಟರ್ ಪ್ರಬಲ ಜೀನ್, ಮರಿಗೆ ಬರಬೇಕಾದರೆ ಇಬ್ಬರಲ್ಲಿ ಒಬ್ಬರಲ್ಲಾದರೂ ಕಣ್ಣಿಗೆ ಕಾಣುವಂತೆ ಇರಬೇಕು. ಇಬ್ಬರೂ ಸಾದಾ ಕರಿ ಅಂದರೆ ಸ್ಮೋಕ್ ಮರಿ ಹುಟ್ಟುವುದಿಲ್ಲ. ‘ಪಂಚ್ ಫೇಸ್’ (ಚಪ್ಪಟೆ ಮುಖ), ‘ಟ್ರಿಪಲ್ ಕೋಟ್’ (ಮೂರು ಪದರದ ರೋಮ) ಅನ್ನುವ ಮಾತಿಗೆ ದುಡ್ಡು ಕೊಡಬೇಡಿ. ಟ್ರಿಪಲ್ ಕೋಟ್ ವ್ಯಾಪಾರದ ಮಾತು. ಮುಖ ತೀರಾ ಚಪ್ಪಟೆಯಾದಷ್ಟೂ ನಮ್ಮ ಕರಾವಳಿಯ ಏಪ್ರಿಲ್, ಮೇ ಸೆಕೆಯಲ್ಲಿ ಉಸಿರಾಟ ಕಷ್ಟ. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ತುರ್ತು ಸ್ಥಿತಿ.

ಕಪ್ಪು ಹೋಗಿ ತುಕ್ಕಿನ ಕೆಂಪು ಬರುವುದು ಬಹಳ ಮನೆಗಳ ದೂರು. ಇದಕ್ಕೆ ಮೊದಲು ಊಟ ನೋಡಿ. ಕಪ್ಪು ವರ್ಣದ್ರವ್ಯ ತಯಾರಾಗುವುದು ಟೈರೋಸಿನ್ ಅನ್ನುವ ಅಮೈನೊ ಆಮ್ಲದಿಂದ. ಮೈ ಬೆಳೆಯಲು ಸಾಲುವಷ್ಟು ಸಿಕ್ಕರೂ ಕಪ್ಪು ಗಟ್ಟಿಯಾಗಿ ನಿಲ್ಲಲು ಅದಕ್ಕಿಂತ ಹೆಚ್ಚು ಬೇಕು. ಕರಿ ಬೆಕ್ಕಿನ ಕೂದಲು ಟೈರೋಸಿನ್ ಕೊರತೆಯಿಂದ ಕೆಂಪಾಗುತ್ತದೆ, ಆಹಾರಕ್ಕೆ ಅದನ್ನು ಸೇರಿಸಿದರೆ ಹೊಸ ಕೂದಲು ಮತ್ತೆ ಕಪ್ಪಾಗಿ ಬರುತ್ತದೆ ಅಂತ 2002ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಶಿರಸಿ, ಸಿದ್ದಾಪುರದ ಕಡೆ ಮನೆಯಲ್ಲಿ ಮೀನು ಮಾಂಸ ಇಲ್ಲ ಅಂತ ಹಾಲನ್ನ, ಮೊಸರನ್ನ ಹಾಕಿ ಸಾಕುವುದುಂಟು. ಅಂಗಳದ ಬೆಕ್ಕು ಇಲಿ, ಓತಿಕ್ಯಾತ ಹಿಡಿದು ಸರಿತೂಗಿಸಿಕೊಳ್ಳುತ್ತದೆ. ಒಳಗೇ ಇರುವ ಪರ್ಷಿಯನ್‌ಗೆ ಆ ದಾರಿ ಇಲ್ಲ. ಪ್ರೋಟೀನ್ ಸಾಲದೆ ಬಣ್ಣ ಇಳಿಯುತ್ತದೆ, ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಸಿಗದೆ ಕಣ್ಣು, ಹೃದಯ ಕೆಡುತ್ತವೆ. ಮಾಂಸ ಬೇಯಿಸಲು ಮನಸ್ಸಿಲ್ಲದಿದ್ದರೆ ‘ಸಂಪೂರ್ಣ ಆಹಾರ’ ಅಂತ ಬರೆದ ಬೆಕ್ಕಿನ ಪ್ಯಾಕೆಟ್ ತನ್ನಿ. ನಾಲ್ಕು ಕಿಲೋ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋಕ್ಯಾಲರಿ ಸಾಕು, ಒಣ ಆಹಾರವಾದರೆ 55-65 ಗ್ರಾಂ ಆಗುತ್ತದೆ. ಮಳೆಗಾಲದಲ್ಲಿ ಬಿಚ್ಚಿದ ಪ್ಯಾಕೆಟ್ ಬೇಗ ಬೂಸ್ಟು ಹಿಡಿಯುತ್ತದೆ, ಚಿಕ್ಕ ಪ್ಯಾಕೆಟ್ ತಂದು ಗಾಳಿಯಾಡದ ಡಬ್ಬಿಗೆ ತುಂಬಿಡಿ.

ಕಾರವಾರ, ಅಂಕೋಲೆಯ ಕಡೆ ತೊಡಕು ಬೇರೆ. ದಿನವೂ ಬರೀ ಬಂಗಡೆ, ತಾರ್ಲೆ ಹಾಕಿದರೆ ಎಣ್ಣೆ ಹೆಚ್ಚಾಗಿ, ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಸಿಕ್ಕುತ್ತದೆ. ಆಮೇಲೆ ಬೆಕ್ಕು ಮೈ ಮುಟ್ಟಿಸಿಕೊಳ್ಳುವುದಿಲ್ಲ. ಕೆಲವು ಹಸಿ ಮೀನು ಬಿ1 ವಿಟಮಿನ್ನನ್ನು ನಾಶ ಮಾಡುವುದರಿಂದ ಬೇಯಿಸಿ, ಮುಳ್ಳು ತೆಗೆದು, ವಾರಕ್ಕೆ ಒಂದೆರಡು ಸಲ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಬೇಡ. ಬೇಯಿಸಿದ ನೀರನ್ನು ಚೆಲ್ಲದೆ ಜೊತೆಗೇ ಹಾಕಿ, ಟಾರಿನ್ ಅದಕ್ಕೆ ಇಳಿದಿರುತ್ತದೆ.

ಊಟ ಸರಿಯಿದ್ದೂ ಬೆನ್ನು ಮಾತ್ರ ಕೆಂಪಾದರೆ ಬಿಸಿಲು ಕಾರಣ, ಎದೆ ಮತ್ತು ಮುಂಗಾಲು ಮಾತ್ರ ಕೆಂಪಾದರೆ ನೆಕ್ಕುವ ಜೊಲ್ಲು. ಕೆಂಪಾದ ತುದಿ ಮತ್ತೆ ಕಪ್ಪಾಗುವುದಿಲ್ಲ, ಹೊಸ ಕೂದಲಿಗೇ ಕಾಯಬೇಕು. ಘಟ್ಟದ ಮೇಲಿನ ಮನೆಗಳಲ್ಲಿ ಇನ್ನೊಂದಿದೆ: ಬಚ್ಚಲ ಒಲೆ. ಮಳೆಗಾಲದ ಥಂಡಿಗೆ ಬೆಕ್ಕು ಒಲೆಬಾಯಿಯ ಬಿಸಿ ಬೂದಿಯಲ್ಲೇ ಮಲಗುತ್ತದೆ. ಪಕ್ಕೆಯ ಕೂದಲ ತುದಿ ಸುಟ್ಟು ಸುರುಟಿಕೊಳ್ಳುತ್ತದೆ, ಬೂದಿಯ ಕ್ಷಾರಕ್ಕೆ ಕೂದಲು ಒಣಗಿ ಮುರಿಯುತ್ತದೆ. ಬಚ್ಚಲ ಬಾಗಿಲು ಹಾಕಿ, ಬೇರೆ ಕಡೆ ಬೆಚ್ಚಗಿನ ಹಾಸಿಗೆ ಮಾಡಿಕೊಡುವುದೇ ಉಪಾಯ.

ಬಾಚುವುದು ದಿನಕ್ಕೊಮ್ಮೆ. ಅಗಲ ಹಲ್ಲು, ಸಣ್ಣ ಹಲ್ಲು ಎರಡೂ ಇರುವ ಸ್ಟೀಲ್ ಬಾಚಣಿಗೆ ಸಾಕು. ಮುಂಗಾಲಿನ ಸಂದು, ಹೊಟ್ಟೆ, ಕಿವಿಯ ಹಿಂದೆ, ಹಿಂದೊಡೆ: ಗಂಟು ಶುರುವಾಗುವುದು ಇಲ್ಲೇ, ಬಾಚುವುದನ್ನೂ ಇಲ್ಲಿಂದಲೇ ಶುರುಮಾಡಿ. ಸಣ್ಣ ತಂತಿ ಹಲ್ಲಿನ ಸ್ಲಿಕ್ಕರ್ ಬ್ರಶ್ ಒತ್ತಿ ಎಳೆದರೆ ಕರಿ ತುದಿ ಮುರಿಯುತ್ತದೆ, ಅತಿಯಾಗಿ ಬಾಚಿದರೆ ಬಿಳಿ ಒಳರೋಮ ಕಿತ್ತು ಬರುತ್ತದೆ. ಬಿಳಿ ಬೆಕ್ಕಿಗೆ ಹಾಕುವ ಪೌಡರನ್ನು ಇದಕ್ಕೆ ಹಾಕಬೇಡಿ, ಕಪ್ಪು ಮಂಕಾಗುತ್ತದೆ. ಗಂಟನ್ನು ಕತ್ತರಿಯಿಂದ ಕತ್ತರಿಸಬೇಡಿ. ಬೆಕ್ಕಿನ ಚರ್ಮ ತೆಳು, ಗಂಟಿನ ಜೊತೆ ಎದ್ದು ಬಂದಿರುತ್ತದೆ.

ಸ್ನಾನ ನಾಲ್ಕರಿಂದ ಆರು ವಾರಕ್ಕೊಮ್ಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದರಲ್ಲಿ ಕಷ್ಟವಾದದ್ದು ತೊಳೆಯುವುದಲ್ಲ, ಒಣಗಿಸುವುದು. ಕರೆಂಟ್ ಇರುವ ಖಾತ್ರಿ ಇಲ್ಲದ ದಿನ ಸ್ನಾನಕ್ಕೆ ಇಳಿಸಲೇಬೇಡಿ. ಮೊದಲು ಪೂರ್ತಿ ಬಾಚಿ, ಒದ್ದೆಯಾದ ಗಂಟು ಮತ್ತೆ ಬಿಚ್ಚಲು ಬರುವುದಿಲ್ಲ. ನೀರು 38 ಡಿಗ್ರಿ ಹತ್ತಿರ, ಮೊಣಕೈಗೆ ಉಗುರುಬೆಚ್ಚಗೆ. ಬೆಕ್ಕಿನ ಶಾಂಪೂ ನೀರಿನಲ್ಲಿ ತೆಳು ಮಾಡಿಕೊಂಡು ಎರಡು ಸಲ ಹಾಕಿ. ಬಾಲದ ಬುಡದ ಜಿಡ್ಡಿಗೆ ಹೆಚ್ಚು ಹೊತ್ತು ಕೊಡಿ. ಕಂಡೀಷನರ್ ಜಾಸ್ತಿಯಾದರೆ ಕೂದಲು ಅಂಟಿಕೊಂಡು ಒಳ ಬಿಳುಪು ಕಾಣುವುದೇ ಇಲ್ಲ. ಟವೆಲ್ಲಿನಿಂದ ಉಜ್ಜದೆ ಒತ್ತಿ ನೀರು ತೆಗೆಯಿರಿ. ಡ್ರೈಯರ್ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಕೂದಲನ್ನು ಸಾಲು ಸಾಲಾಗಿ ಬಿಡಿಸಿ ಬುಡಕ್ಕೆ ಗಾಳಿ ಹಾಯಿಸಿ. ಒಂದು ಗಂಟೆ ಹಿಡಿದರೆ ಅದೇ ಸರಿ. ಮೇಲೆ ಒಣಗಿದಂತೆ ಕಂಡರೂ ಬೆರಳ ತುದಿಯನ್ನು ಚರ್ಮಕ್ಕೆ ತಾಗಿಸಿ ನೋಡಿ, ತಣ್ಣಗಿದ್ದರೆ ಇನ್ನೂ ತೇವ ಇದೆ.

ಆ ತೇವವೇ ಉಳಿದರೆ ಒಳರೋಮ ಕಂಬಳಿಯಾಗುತ್ತದೆ, ಅಡಿಯ ಚರ್ಮ ಹುಣ್ಣಾಗುತ್ತದೆ. ಹುಳುಕಡ್ಡಿ ಪರ್ಷಿಯನ್‌ಗಳಲ್ಲಿ ಹೆಚ್ಚು ಕಾಣುವ ರೋಗ, ಮನುಷ್ಯರಿಗೂ ಹರಡುತ್ತದೆ. ಗುಂಡಗೆ ಕೂದಲುದುರಿ ಹೊಟ್ಟಿನಂತೆ ಎದ್ದರೆ ಮನೆಮದ್ದು ಹಚ್ಚುತ್ತಾ ಕೂರಬೇಡಿ. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ವೈದ್ಯರು ಸಾಮಾನ್ಯವಾಗಿ ಇಟ್ರಾಕೊನಜೋಲ್ ಜೊತೆಗೆ ಮೈಕೊನಜೋಲ್-ಕ್ಲೋರ್‌ಹೆಕ್ಸಿಡಿನ್ ಶಾಂಪೂ ವಾರಕ್ಕೆ ಎರಡು ಸಲ ಬರೆಯುತ್ತಾರೆ. ಅದನ್ನು ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯಬೇಕು. ಲೈಮ್ ಸಲ್ಫರ್ ಅನ್ನುವ ಗಂಧಕದ ದ್ರಾವಣ ಬರೆದರೆ ಬಿಳಿ ಬುಡ ಕೆಲಕಾಲ ಹಳದಿಯಾಗುತ್ತದೆ, ಹೆದರಬೇಡಿ. ಹಾಸಿಗೆ, ಬಾಚಣಿಗೆ, ಸೋಫಾ ಸ್ವಚ್ಛ ಮಾಡದಿದ್ದರೆ ರೋಗ ಮತ್ತೆ ಬರುತ್ತದೆ.

ಉಣುಗು, ಉಂಬಳ ಇರುವ ಕಡೆ ಬೆಕ್ಕನ್ನು ತೋಟಕ್ಕೆ ಬಿಡದಿರುವುದು ಒಳ್ಳೆಯದು. ನಾಯಿಯ ಉಣುಗಿನ ಔಷಧ ಹಾಕಲೇಬಾರದು, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ನಡುಗಿ ಸಾಯಬಹುದು. ಬೇಲಿಯ ಅಗ್ನಿಶಿಖೆ ಬಳ್ಳಿಯೂ ವಿಷವೇ.

ಮರಿ ಮಾಡಿಸುವವರಿಗೆ: ಸ್ಮೋಕ್‌ಗೆ ಚಿಂಚಿಲ್ಲಾ ಕೂಡಿಸಬೇಡಿ. ಮರಿಗಳಲ್ಲಿ ಪಟ್ಟೆ ಬರುತ್ತದೆ, ಕಣ್ಣು ತಾಮ್ರವೂ ಅಲ್ಲದ ಹಸಿರೂ ಅಲ್ಲದ ಬಣ್ಣಕ್ಕೆ ಇಳಿಯುತ್ತದೆ. ಕಣ್ಣು ಗಾಢ ತಾಮ್ರವಿರುವ ಸಾದಾ ಕರಿ ಪರ್ಷಿಯನ್ ಒಳ್ಳೆಯ ಜೋಡಿ, ಸರಾಸರಿ ಅರ್ಧದಷ್ಟಾದರೂ ಮರಿಗಳು ಸ್ಮೋಕ್ ಆಗುತ್ತವೆ. ಎರಡಕ್ಕೂ ಮೊದಲು ಪಿಕೆಡಿ ಜೀನ್ ಪರೀಕ್ಷೆ ಮಾಡಿಸಿ, ಕೆನ್ನೆಯ ಒಳಗಿನ ಸ್ವಾಬ್ ಸಾಕು. ಮೂತ್ರಪಿಂಡದಲ್ಲಿ ನೀರುಗುಳ್ಳೆ ತುಂಬಿಸುವ ಈ ರೋಗ ಪರ್ಷಿಯನ್‌ಗಳಲ್ಲಿ ಬಹಳ. ಒಬ್ಬರಿಂದ ಬಂದರೂ ಮರಿಗೆ ಅಂಟುತ್ತದೆ, ಲಕ್ಷಣ ಕಾಣುವಷ್ಟರಲ್ಲಿ ಆ ಬೆಕ್ಕು ಹಲವು ಸಲ ಮರಿ ಹಾಕಿರುತ್ತದೆ.