ವರ್ಜೀನಿಯಾದ ಮೂರು ಊರು: ಮೊದಲು ಮಣ್ಣು ನೋಡಿ, ಆಮೇಲೆ ಅರಮನೆ

ಜೇಮ್ಸ್‌ಟೌನ್‌ಗೆ ಹೋಗ್ತೀವಿ ಅಂದವರನ್ನು ನಾನು ಮೊದಲು ಕೇಳುವುದು ಒಂದೇ: ಯಾವ ಜೇಮ್ಸ್‌ಟೌನ್‌ಗೆ? ಅಲ್ಲಿ ಎರಡಿವೆ, ಅದೂ ಅಕ್ಕಪಕ್ಕದಲ್ಲೇ. ‘ಜೇಮ್ಸ್‌ಟೌನ್ ಸೆಟಲ್‌ಮೆಂಟ್’ ರಾಜ್ಯ ಸರ್ಕಾರದ ಮ್ಯೂಸಿಯಂ. ಹೊಸದಾಗಿ ಕಟ್ಟಿದ ಕೋಟೆ, 1607ರಲ್ಲಿ ಇಂಗ್ಲಿಷರು ಇಲ್ಲಿ ನೆಲೆಸಲು ಬಂದ ಮೂರು ಹಡಗುಗಳ ಮಾದರಿ, ಹಳೇ ಕಾಲದ ಬಟ್ಟೆ ತೊಟ್ಟು ಕೋವಿ ಹಾರಿಸಿ ತೋರಿಸುವ ಜನ, ಎಲ್ಲ ಅಲ್ಲಿದೆ. ‘ಹಿಸ್ಟಾರಿಕ್ ಜೇಮ್ಸ್‌ಟೌನ್’ ಅಂದರೆ ನದಿ ದಂಡೆಯ ಅಸಲಿ ಜಾಗ. ಮಕ್ಕಳಿಗೆ ಮೊದಲನೆಯದೇ ಖುಷಿ. ಆದರೆ ಒಂದಕ್ಕೇ ಟೈಮ್ ಇದೆ ಅಂದರೆ ಎರಡನೆಯದಕ್ಕೆ ಹೋಗಿ.

ವಾಷಿಂಗ್ಟನ್‌ನಿಂದ ಸುಮಾರು 150 ಮೈಲಿ. ಮ್ಯಾಪ್ ಮೂರು ಗಂಟೆ ಅನ್ನುತ್ತದೆ, ಶುಕ್ರವಾರ ಸಂಜೆ ಹೊರಟರೆ ಅದನ್ನು ನಂಬಬೇಡಿ. ವಿಲಿಯಮ್ಸ್‌ಬರ್ಗ್‌ವರೆಗೆ ಆಮ್‌ಟ್ರ್ಯಾಕ್ ರೈಲಿದೆ, ಆದರೆ ಕಾರಿಲ್ಲದೆ ಮಿಕ್ಕ ಎರಡು ಊರು ನೋಡುವುದು ಕಷ್ಟ. ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್ ಮೂರನ್ನೂ ಸೇರಿಸುವುದು 23 ಮೈಲಿಯ ಕಲೋನಿಯಲ್ ಪಾರ್ಕ್‌ವೇ. ಮರಗಳ ಮಧ್ಯೆ ಹೋಗುವ ಚೆಂದದ ರಸ್ತೆ, ಲಾರಿ ಕಾಟ ಇಲ್ಲ, ಪೆಟ್ರೋಲ್ ಬಂಕೂ ಇಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹತ್ತಿ. ಊರಿಗೊಂದು ದಿನ ಇಟ್ಟುಕೊಳ್ಳಿ, ಇದೇ ಕ್ರಮದಲ್ಲಿ ನೋಡಿ. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನ ಹಾಗೆ ಬೆವರು ಸುರಿಯುತ್ತದೆ, ಜೊತೆಗೆ ಸೊಳ್ಳೆ. ಏಪ್ರಿಲ್ ಅಥವಾ ಅಕ್ಟೋಬರ್ ವಾಸಿ.

ಅಸಲಿ ಜೇಮ್ಸ್‌ಟೌನ್‌ನಲ್ಲಿ ಮೊದಲ ನೋಟಕ್ಕೆ ಏನೂ ಇಲ್ಲ ಅನ್ನಿಸಬಹುದು. ಒಂದು ಹಳೇ ಇಟ್ಟಿಗೆ ಗೋಪುರ, ಹುಲ್ಲು, ನದಿ. 1607ರ ಕೋಟೆ ನದಿ ಪಾಲಾಗಿದೆ ಎಂದೇ ಬಹಳ ಕಾಲ ನಂಬಿದ್ದರು. 1994ರಲ್ಲಿ ಪುರಾತತ್ವಜ್ಞ ವಿಲಿಯಂ ಕೆಲ್ಸೊ ಅವರು ಅಗೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಹೋಗಿದ್ದು ಒಂದು ಮೂಲೆ ಅಷ್ಟೇ. ಗುರುತು ಸಿಕ್ಕಿದ್ದು ಮಣ್ಣಿನ ಬಣ್ಣದಿಂದ. ಮರದ ಕಂಬ ಕೊಳೆತು ಹೋದರೂ ಅದು ನಿಂತಿದ್ದ ಗುಂಡಿ ಸುತ್ತಲಿನ ಮಣ್ಣಿಗಿಂತ ಕಪ್ಪಾಗಿ ಉಳಿಯುತ್ತದೆ, ಅಂಥ ಕಪ್ಪು ವೃತ್ತಗಳು ಸಾಲಾಗಿ ಸಿಕ್ಕರೆ ಅದೇ ಗೋಡೆ. ಈಗಲೂ ಅಗೆಯುತ್ತಲೇ ಇದ್ದಾರೆ. ಹತ್ತಿರ ನಿಂತು ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ, ಸಂಕೋಚ ಬೇಡ.

ಅಲ್ಲಿನ ಮ್ಯೂಸಿಯಂ ಆರ್ಕೇರಿಯಂನಲ್ಲಿ ಜನ ಮೊದಲು ಹುಡುಕುವುದು ‘ಜೇನ್’ಳನ್ನು. ಹದಿನಾಲ್ಕರ ಆಸುಪಾಸಿನ ಇಂಗ್ಲಿಷ್ ಹುಡುಗಿಯ ತಲೆಬುರುಡೆ, ಅದರ ಮೇಲೆ ಕತ್ತಿಯೇಟಿನ ಗುರುತು. 1609-10ರ ಚಳಿಗಾಲದಲ್ಲಿ ಹಸಿವಿಗೆ ಸಿಕ್ಕವರು ಸತ್ತವರನ್ನು ತಿಂದಿದ್ದಕ್ಕೆ ಅದು ಸಾಕ್ಷಿ. ಚಿಕ್ಕ ಮಕ್ಕಳಿದ್ದರೆ ಮೊದಲೇ ಯೋಚಿಸಿ. ನನಗೆ ಜಾಸ್ತಿ ಹಿಡಿಸಿದ್ದು ಮಾತ್ರ ಮಣ್ಣಿನ ಚುಟ್ಟಾ ಕೊಳವೆ, ಅಂದರೆ ತಂಬಾಕು ಸೇದುವ ಪೈಪಿನ ತುಂಡುಗಳು. ಕಾಲ ಹೋದಂತೆ ಪೈಪ್ ಉದ್ದವಾಯಿತು, ಒಳಗಿನ ತೂತು ಸಣ್ಣದಾಯಿತು. ಒಂದಿಂಚನ್ನು 64 ಪಾಲು ಮಾಡಿದರೆ, 17ನೇ ಶತಮಾನದ ಶುರುವಿನಲ್ಲಿ ತೂತು ಸುಮಾರು 9 ಪಾಲು, 18ನೇ ಶತಮಾನದ ಕೊನೆಗೆ 4 ಪಾಲು. ಪುರಾತತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ ಇದನ್ನು ಗಮನಿಸಿ 1954ರಲ್ಲಿ ಪ್ರಕಟಿಸಿದರು. ಅಂದಿನಿಂದ ಡ್ರಿಲ್ ಬಿಟ್ ತೂರಿಸಿ ಅಳೆದೇ ಜಾಗದ ಕಾಲ ಅಂದಾಜು ಮಾಡುತ್ತಾರೆ! ಯಾರೋ ಸೇದಿ ಬಿಸಾಕಿದ ಕಸ ಅದು.

ಈ ಕಣ್ಣು ಬಂದ ಮೇಲೆ ವಿಲಿಯಮ್ಸ್‌ಬರ್ಗ್‌ಗೆ ಹೋದರೆ ಲಾಭ. 1926ರ ಹೊತ್ತಿಗೆ ಶ್ರೀಮಂತ ರಾಕ್‌ಫೆಲರ್ ದುಡ್ಡಿನಲ್ಲಿ ಇಡೀ ಊರನ್ನೇ 18ನೇ ಶತಮಾನದ ರೂಪಕ್ಕೆ ತರಲು ಶುರು ಮಾಡಿದರು. ಹಾಗಾಗಿ ಪ್ರತಿ ಕಟ್ಟಡದ ಮುಂದೆ ನಿಂತು ಕೇಳಿ, ಇದು ಅಸಲಿಯಾ, ಮತ್ತೆ ಕಟ್ಟಿದ್ದಾ? ಎಲ್ಲರೂ ಫೋಟೋ ತೆಗೆಯುವ ಗವರ್ನರ್ ಅರಮನೆ 1781ರಲ್ಲಿ ಸುಟ್ಟುಹೋಗಿತ್ತು, ಈಗಿರುವುದು 1930ರ ದಶಕದ್ದು. ಸುಮ್ನೆ ಊಹೆ ಮಾಡಿ ಕಟ್ಟಿದ್ದಲ್ಲ. ಅಗೆದು ಪಾಯ ನೋಡಿದರು, ಜೆಫರ್ಸನ್ ಬರೆದಿಟ್ಟ ನಕ್ಷೆ ಇತ್ತು, ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಲೈಬ್ರರಿಯಲ್ಲಿ ಕಟ್ಟಡದ ಚಿತ್ರ ಕೆತ್ತಿದ ತಾಮ್ರದ ತಗಡು ಸಿಕ್ಕಿತು. ತೋಟ ಅಗೆದಾಗ 150ಕ್ಕೂ ಹೆಚ್ಚು ಜನರ ಅಸ್ಥಿ ಸಿಕ್ಕಿತು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಹೊತ್ತಿಗೆ ಅರಮನೆಯೇ ಆಸ್ಪತ್ರೆಯಾಗಿತ್ತು.

ವಕೀಲ ಜಾರ್ಜ್ ವಿದ್ ಇದ್ದ ವಿದ್ ಹೌಸ್ ಅಸಲಿ. ಅದರ ಗೋಡೆಯನ್ನು ಹತ್ತಿರದಿಂದ ನೋಡಿ. ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ, ಹೀಗೇ ಸಾಲು. ಅಂದಿನ ಇಲ್ಲಿಯ ಗಾರೆಗೆ ಸುಣ್ಣ ಬರುತ್ತಿದ್ದದ್ದು ಸಿಂಪಿ ಚಿಪ್ಪು ಸುಟ್ಟು, ನಮ್ಮ ಕರಾವಳಿಯಲ್ಲೂ ಚಿಪ್ಪಿನ ಸುಣ್ಣವೇ ಅಲ್ವಾ. ಆಗಿನ ರಾಜಕಾರಣಿ ಪೇಟನ್ ರಾಂಡಾಲ್ಫ್ ಮನೆಯಲ್ಲಿ ಮುಂದಿನ ಹಾಲ್ ನೋಡಿ ಹೊರಟುಬಿಡಬೇಡಿ, ಹಿಂದಿನ ಅಡುಗೆ ಕೋಣೆಗೂ ಹೋಗಿ. ಆತ ಸತ್ತ ಮೇಲೆ 1776ರಲ್ಲಿ ಮಾಡಿದ ಆಸ್ತಿ ಪಟ್ಟಿಯಲ್ಲಿ ಮನೆ ಸಾಮಾನಿನ ಜೊತೆಗೇ 27 ಗುಲಾಮರನ್ನೂ ಬರೆದಿದ್ದಾರೆ. ಆಗ ಊರಿನ ಅರ್ಧಕ್ಕೂ ಜಾಸ್ತಿ ಜನ ಕಪ್ಪು ಜನರೇ. ಅವರ ಮಕ್ಕಳಿಗೆ 1760ರಲ್ಲಿ ತೆರೆದ ಬ್ರೇ ಸ್ಕೂಲ್ ಕಟ್ಟಡವನ್ನು 2023ರಲ್ಲಿ ಇಡಿಯಾಗಿ ಸಾಗಿಸಿ ಹಳೇ ಊರಿಗೆ ತಂದಿದ್ದಾರೆ, ತಪ್ಪಿಸಬೇಡಿ.

ಬೀದಿ ಸುತ್ತಲು ಟಿಕೆಟ್ ಬೇಕಿಲ್ಲ, ಒಳಗೆ ಹೋಗಲು ಬೇಕು. ಬಿಸಿಲು ಏರಿದಾಗ ಡೆವಿಟ್ ವಾಲೇಸ್ ಮ್ಯೂಸಿಯಂ ಒಳಗೆ ಸೇರಿಕೊಳ್ಳಿ, ಪೀಠೋಪಕರಣ, ಪಿಂಗಾಣಿ, ಬೆಳ್ಳಿ ಚೆನ್ನಾಗಿದೆ. ಬಟ್ಟೆಗಳನ್ನು ಬೆಳಕಿಗೆ ಹಾಳಾಗುತ್ತವೆ ಎಂದು ಆಗಾಗ ಬದಲಿಸುತ್ತಾರೆ, ಅದೃಷ್ಟವಿದ್ದರೆ ಕೋರಮಂಡಲ ತೀರದ ಚಿತ್ತಾರದ ಬಟ್ಟೆ ಕಾಣಬಹುದು. ಊಟದ ವಿಷಯ: ಟ್ಯಾವರ್ನ್‌ಗಳಲ್ಲಿ, ಅಂದರೆ ಹಳೇ ಕಾಲದ ಮಾದರಿಯ ಹೋಟೆಲ್‌ಗಳಲ್ಲಿ, ಮಾಂಸದೂಟವೇ ಮುಖ್ಯ. ಸಸ್ಯಾಹಾರಿಗಳು ಪುಳಿಯೋಗರೆ ಕಟ್ಟಿಕೊಂಡು ಹೋದರೆ ನೆಮ್ಮದಿ.

ಟಿಕೆಟ್ ಗೊಂದಲ ಇನ್ನೊಂದು. ನ್ಯಾಷನಲ್ ಪಾರ್ಕ್ ಪಾಸ್ ಇದ್ದರೂ ಅಸಲಿ ಜೇಮ್ಸ್‌ಟೌನ್‌ನಲ್ಲಿ ಪ್ರಿಸರ್ವೇಷನ್ ವರ್ಜೀನಿಯಾ ಎಂಬ ಸಂಸ್ಥೆಯ ಪಾಲನ್ನು ಬೇರೆ ಕೊಡಬೇಕು. ಯಾರ್ಕ್‌ಟೌನ್‌ನಲ್ಲೂ ಮ್ಯೂಸಿಯಂ ರಾಜ್ಯದ್ದು, ರಣರಂಗ ಪಾರ್ಕ್‌ನದು. ಅಲ್ಲಿ ನೆಲ್ಸನ್ ಹೌಸ್ ಗೋಡೆಯಲ್ಲಿ ಫಿರಂಗಿ ಗುಂಡು ಕೂತಿದೆ. ಗೋಡೆಯ ಗಾಯ ಅಸಲಿ, ಗುಂಡು ಬಹಳ ಆಮೇಲೆ ಕೂರಿಸಿದ್ದು!

ಆ ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ 1781ರ ಅಕ್ಟೋಬರ್ 19ರಂದು ಶರಣಾದ ಬಯಲು ಇಲ್ಲೇ ಇದೆ. ಮೈಗೆ ಹುಷಾರಿಲ್ಲ ಅಂತ ಆತ ತಾನು ಬರದೆ ಕೈಕೆಳಗಿನ ಒ’ಹಾರಾನನ್ನು ಕಳಿಸಿದ. ಆರು ತಿಂಗಳಲ್ಲಿ, 1782ರ ಏಪ್ರಿಲ್‌ನಲ್ಲಿ, ‘ಹೈದರ್ ಅಲಿ’ ಎಂಬ ಹೆಸರಿನ ಪೆನ್ಸಿಲ್ವೇನಿಯಾದ ಹಡಗು ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಹೌದು, ನಮ್ಮ ಹೈದರನೇ. ಕಾರ್ನ್‌ವಾಲಿಸ್ ಮುಂದೆ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದು 1791ರಲ್ಲಿ ಬೆಂಗಳೂರು ಕೋಟೆ ಹಿಡಿದ, ಮರುವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ತೆಗೆದುಕೊಂಡ. ಕೋಟೆ ಗೋಡೆ ಒಡೆದ ಜಾಗದ ಕಲ್ಲುಫಲಕ ಕೆ.ಆರ್. ಮಾರ್ಕೆಟ್ ಹತ್ತಿರ ರಸ್ತೆ ಬದಿಯಲ್ಲೇ ಇದೆ. ಊರಿಗೆ ಹೋದಾಗ ಅದನ್ನೂ ನೋಡಿ. ಟಿಕೆಟ್ ಇಲ್ಲ, ಪಾರ್ಕಿಂಗ್ ಮಾತ್ರ ಸಿಗುವುದಿಲ್ಲ.